ಅಳೆದೂ ಸುರಿದೂ

ಕ್ಲಚ್ ಒತ್ತು ಎಂದೆ. ಗಾರ್ಮನ್ ಒತ್ತಿದ.
ಎಂಜಿನ್ನಿನ ಮುಂದಿನ ರಾಟೆ ಕಣ್ಣೆದುರೇ
ಎಳ್ಳುಕಾಳಿನಷ್ಟು ಮುಂದೆ ಬಂತು.
ಬಿಡು ಎಂದೆ. ಹಿಂದೆ ಹೋಯಿತು.
ಬರಬಾರದು. ಹೋಗಲೂಬಾರದು.
ಈ ಲೆಕ್ಕದಲ್ಲಿ ಎಳ್ಳುಕಾಳೆಂದರೆ ಒಂದು ಹರದಾರಿ.

ಎಪ್ಪತ್ತೊಂದರ ಟ್ರಯಂಫ್ ಜಿಟಿ ಸಿಕ್ಸ್.
ಬಣ್ಣ ಕಾಗದದಲ್ಲಿ ಕೇಸರಿ, ಕಣ್ಣಿಗೆ ಹಳೇ ಅರಿಸಿನ.
ಬಾನೆಟ್ ಇಡಿಯಾಗಿ ಮುಂದಕ್ಕೆ ಬಾಗುತ್ತದೆ ಇದರಲ್ಲಿ;
ಟೈರಿನ ಮೇಲೆ ಕೂತು ಕೆಲಸ ಮಾಡಬಹುದು,
ಅಡುಗೆಮನೆಯ ಕಟ್ಟೆ ಹತ್ತಿ ಕೂತ ಹಾಗೆ.

ಅಂದಿನಿಂದ ಒಂದು ನೋಟುಬುಕ್ಕು.
ಡಿಪೋದ ರಾತ್ರಿಪಾಳಿಯಲ್ಲಿ, ಒಂದು ಬಸ್ಸಿನ ಬ್ರೇಕಿಗೂ
ಇನ್ನೊಂದರ ಬಾಗಿಲಿಗೂ ನಡುವೆ ಗೆರೆ ಎಳೆದೆ:
ತೂಕ, ಉದ್ದ, ಅಗಲ, ಬೆಲೆ,
ಎಣ್ಣೆಯ ತೊಟ್ಟಿ ಮುಂದೋ ಹಿಂದೋ.

ಮೊದಲನೆಯದು ಇದರದೇ ಅಣ್ಣ, ಎರಡೂವರೆ ಲೀಟರು.
ಅದೇ ಮೈಕಟ್ಟು, ಅದೇ ಬೋಲ್ಟಿನ ತೂತು,
ಅದೇ ಕಾಯಿಲೆ.

ಆಮೇಲೆ ಮಾಜ್ದಾದ ನಾಲ್ಕು ಸಿಲಿಂಡರು.
ದುಡಿಯುತ್ತದೆ, ದೂರು ಹೇಳುವುದಿಲ್ಲ, ಒಳ್ಳೆಯ ಬಾಡಿಗೆದಾರ.
ಆದರೆ ಬಾನೆಟ್ ಎತ್ತಿದಾಗ ಬಗ್ಗಿ ನೋಡುವವರಿಗೆ
ಯಾರೆಂದು ಪರಿಚಯಿಸಲಿ?

ವಿ-ಎಯ್ಟ್ ಹಾಕು ಡೆಲಿತ್, ಎಂದ ಭಾವ ಇಡ್ವಲ್,
ಎರಡನೇ ಬಿಯರಿನಲ್ಲೂ ಎಂದ, ನಾಲ್ಕನೆಯದರಲ್ಲೂ.
ಮೂಗಿಗಿಂತ ಮೂಗುತಿ ಭಾರ ಎಂದುಕೊಂಡಿದ್ದೆ.
ಅಂಕಿ ನೋಡಿದರೆ ಮೂಗುತಿಯೇ ಹಗುರ, ಅಲ್ಯೂಮಿನಿಯಂ.
ತೊಡಕು ಅಗಲದ್ದು.
ವಾಷಿಂಗ್ ಮಷೀನು ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ,
ಅಂಟುಪಟ್ಟಿ ಸುತ್ತಿ, ರಟ್ಟಿನದೇ ಎಂಜಿನ್ ಮಾಡಿ
ಒಳಗಿಳಿಸಲು ನೋಡಿದೆವು, ಹಳೆಯದನ್ನು ಎತ್ತಿ ಬದಿಗಿಟ್ಟು.
ಸ್ಟಿಯರಿಂಗಿನ ಸಲಾಕೆಗೆ ಮೊಣಕೈ ತಗುಲಿತು.
ಇಡ್ವಲ್ ರಟ್ಟನ್ನು ಹೊಟ್ಟೆಯಿಂದ ಒತ್ತಿದ.
ರಟ್ಟು ಒಪ್ಪಿತು. ಕಬ್ಬಿಣ ಒಪ್ಪುವುದಿಲ್ಲ.

ಗಾರ್ಮನ್ನನದು ಬ್ಯಾಟರಿ, ಮೋಟಾರು.
ಶಬ್ದವೇ ಇರುವುದಿಲ್ಲ ಅತ್ತೆ, ಎಂದ,
ಅದು ವರವೆಂಬಂತೆ.
ಗ್ಯಾರೇಜಿನ ಬಾಗಿಲಾಚೆ ಪೋರ್ಟ್ ಟಾಲ್ಬಟ್ಟಿನ
ಆರಿದ ಕುಲುಮೆ ಕಾಣುತ್ತಿತ್ತು.
ಅಲ್ಲಿಗೂ ಕರೆಂಟಿನದು ಬರುತ್ತದಂತೆ.
ಅವನಪ್ಪ ಅಲ್ಲಿ ಇಪ್ಪತ್ತಾರು ವರ್ಷ.
ಈಗ ಮನೆಯಲ್ಲಿ, ಬೆಳಗಿನ ಪಾಳಿಯ ಹೊತ್ತಿಗೆ ತಪ್ಪದೆ ಎದ್ದು
ಸಾಕ್ಸ್ ಹಾಕಿ ಕೂರುತ್ತಾನೆ.
ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಮಾರ್ಚಿನ ಒಂದು ಭಾನುವಾರ, ಹಳೆಯದನ್ನು
ಮಾರುವ ಮುನ್ನ ಒಂದು ಸಲ ಒಳಗೆ ನೋಡೋಣವೆಂದು
ಎಣ್ಣೆಯ ತೊಟ್ಟಿ ಬಿಚ್ಚಿದೆ.
ತಳದ ಕರೀ ಮಡ್ಡಿಯಲ್ಲಿ ಬೆರಳಿಗೆ ಸಿಕ್ಕಿತು
ಅರ್ಧಚಂದ್ರದ ಒಂದು ಬಿಲ್ಲೆ,
ಜಾಗ ಬಿಟ್ಟು ಜಾರಿ ಯಾವಾಗಲೋ ಬಿದ್ದದ್ದು.
ಒರೆಸಿ ಬೆಳಕಿಗೆ ಹಿಡಿದೆ.
ಸವೆದು ಸವೆದು ಒಣಗಿದ ಎಲೆಯಷ್ಟು ತೆಳು.
ಹೊಸದು ಒಂದು ಜೊತೆಗೆ ಹನ್ನೆರಡು ಪೌಂಡು,
ಅಂಚೆ ಖರ್ಚು ಬೇರೆ.

ಅದು ಕೂರುತ್ತಿದ್ದಲ್ಲಿ ಬ್ಲಾಕಿಗೆ ಗೀರು ಬಿದ್ದಿದೆಯೋ ಎಂದು
ಉಗುರು ಆಡಿಸಿದೆ.
ಇದೆ.
ಇಲ್ಲ ಎನ್ನಬಹುದಾದಷ್ಟು ಇದೆ.

ಆರು ತಿಂಗಳ ಕಲಂಗಳ ಕೆಳಗೆ ಜಾಗವಿತ್ತು.
ಬಿಲ್ಲೆ, ಎಂದು ಬರೆದೆ. ಅದರ ಮುಂದೆ
ತೂಕದ ಮನೆ ಖಾಲಿ ಬಿಟ್ಟೆ;
ನನ್ನ ತಕ್ಕಡಿಗೆ ಅಷ್ಟು ಸಣ್ಣದು ತಿಳಿಯುವುದಿಲ್ಲ.
ಇಡ್ವಲ್‌ಗೆ ಇನ್ನೂ ಹೇಳಿಲ್ಲ.

ಗುರುವಾರ ರಟ್ಟು, ಕಾಗದ ಒಯ್ಯುವ ಲಾರಿಯ ದಿನ.
ವಿ-ಎಯ್ಟನ್ನು ಗೇಟಿನ ಹೊರಗಿಟ್ಟೆ.
ಲಾರಿಯವನು ಸುತ್ತ ಒಮ್ಮೆ ನಡೆದು ನೋಡಿ,
ಎಷ್ಟು ಕುದುರೆ ಶಕ್ತಿ? ಎಂದ.
ನೂರಾ ಐವತ್ತು, ಎಂದೆ.
ಒಂದೇ ಕೈಯಲ್ಲಿ ಎತ್ತಿ ಹಿಡಿದ,
ಗಾಳಿ ಅದನ್ನು ಸ್ವಲ್ಪ ಎಳೆದಾಡಿತು,
ಒಳಗೆ ಎಸೆಯುವ ಮುಂಚೆ ಅವನೂ
ಒಂದು ಗಳಿಗೆ ತಡೆದ.